ಮನೆ ಮುಂದಿನ ಜಾಗ

ಯಶ್ವಂತನಿಗೆ ಕಾರಿತ್ತು, ನಿಲ್ಲಿಸಲು ಸ್ವಂತ ಜಾಗವಿರಲಿಲ್ಲ. ಬಾಡಿಗೆ ಮನೆಯ ಮುಂದಿನ ರಸ್ತೆಯೇ ಅದರ ಶೆಡ್ಡು. ನಾಯಂಡಹಳ್ಳಿ ಮೆಟ್ರೋ ಸರದಿಯಲ್ಲಿ ಗೆಳೆಯ ಅವನನ್ನು ಕಿಚಾಯಿಸುತ್ತಿದ್ದುದು ಹಿಂದೆ ನಿಂತಿದ್ದ ಸಹಪ್ರಯಾಣಿಕೆ ಶೈಲಾಳಿಗೆ ಕೇಳಿಸಿತು.

“ಎರಡು ವರ್ಷ ಕೂತು ಹಳೇ ಫಿಯೆಟ್ ರೆಡಿ ಮಾಡ್ದೆ. ಈಗ ನೋಡಿದ್ರೆ ಮೆಟ್ರೋಲಿ ಓಡಾಡ್ತೀಯಲ್ಲೋ ಮಗಾ!”

“ಕಾರ್ ತೆಗೆದ್ರೆ ಸಾಕು, ಎದುರುಮನೆ ಆಂಟಿ ಆ ಜಾಗಕ್ಕೆ ಹೂಕುಂಡ ತಂದಿಡ್ತಾರೆ ಗುರು. ವಾಪಸ್ ಬಂದು ಎಲ್ಲಿ ನಿಲ್ಲಿಸ್ಲಿ?”

“ಅದಕ್ಕೆ ಓಡಿಸೋದೇ ಬಿಟ್ಯಾ?”

“ದಿನಾ ಒರೆಸ್ತೀನಿ.”

“ಒರೆಸೋಕೆ ಅದೇನು ಶೋಕೇಸ್ ಗೊಂಬೆನಾ? ಸ್ಟಾರ್ಟಾದ್ರೂ ಆಗುತ್ತಾ?”

“ನಿನ್ನೆ ನೋಡ್ದೆ, ಆಗ್ಲಿಲ್ಲ.”

“ಭಾನುವಾರ ಬರ್ತೀನಿ, ತಳ್ಳಿ ಸ್ಟಾರ್ಟ್ ಮಾಡೋಣ.”

“ತಳ್ಳಿದ್ರೂ ಜಾಗ ಖಾಲಿ ಆಗುತ್ತಲ್ಲೋ!”

ಗೆಳೆಯ ನಗುತ್ತಾ ಗೇಟು ದಾಟಿದ. ಯಶ್ವಂತ ನಗಲಿಲ್ಲ. ಅವನ ಹಿಂದೆಯೇ ಹೋಗುತ್ತಾ ಹೇಳಿದ:

“ಎಂಟು ತಿಂಗಳು ನಿಂತಲ್ಲೇ ನಿಂತು ಹಾಳಾಗಿದ್ದು ಒಂದು ಬ್ಯಾಟರಿ, ನಾಲ್ಕು ಟೈರು.”