ಗುರುವಾರ ಸಂಜೆಯ ‘ನೀವು’

ಈ ಸಭೆಯ ಅಧ್ಯಕ್ಷರೂ ನಮ್ಮ ಪಾಂಟ್‌ಗೆಲ್ಲಿ ರಗ್ಬಿ ಕ್ಲಬ್ಬಿನ ಹಿರಿಯರೂ ಆದ ಬ್ರಿನ್ಮೋರ್ ಪಾಸ್ಕೋ ಅವರೇ, ಪ್ರಾರ್ಥನೆಯನ್ನು ಚಿಕ್ಕದಾಗಿ ಮುಗಿಸಿ ನಮ್ಮೆಲ್ಲರ ಕೃತಜ್ಞತೆಗೆ ಪಾತ್ರರಾದ ಚಾಪೆಲ್ಲಿನ ಪಾದ್ರಿಗಳೇ, ಒಂದು ಕಾಲದಲ್ಲಿ ವೇಲ್ಸ್ ದೇಶದ ಕೆಂಪು ಅಂಗಿ ತೊಟ್ಟು ಆಡಿದವರೂ, ಆಮೇಲೆ ತರಬೇತುದಾರರಾಗಿ ಈ ಊರಿನ ಒಂದಿಡೀ ತಲೆಮಾರನ್ನು ಕೆಸರಿನಲ್ಲಿ ಹೊರಳಾಡಿಸಿದವರೂ ಆದ ಇಂದಿನ ಸನ್ಮಾನಿತರು ಮಾನ್ಯ ಇದ್ವಲ್ ಪ್ರೋಬರ್ಟ್ ಅವರೇ, ಅತ್ತಿಗೆ ಲೂನೆದ್ ಅವರೇ, ಸಭಿಕರೇ,

ನಾನು ಐರೊವ್ ಪ್ರೋಬರ್ಟ್, ಸನ್ಮಾನಿತರ ತಮ್ಮ. ಇದನ್ನು ನಮ್ಮ ಮೂಗುಗಳೇ ಹೇಳುತ್ತವೆ, ಬಾಯಿ ಹೇಳಬೇಕಾಗಿಲ್ಲ. ಆದರೂ ಹೊರಗಿನಿಂದ ಬಂದ ಅತಿಥಿಗಳಿದ್ದಾರೆ. ಬಾಗಿಲಲ್ಲಿ ನಾವಿಬ್ಬರೂ ಕೈಕುಲುಕಿ ‘ನೀವು ಚೆನ್ನಾಗಿದ್ದೀರಾ’, ‘ನೀವು ಚೆನ್ನಾಗಿದ್ದೀರಾ’ ಅಂದುಕೊಂಡದ್ದನ್ನು ನೋಡಿ ಅವರು ನಮ್ಮನ್ನು ಬ್ಯಾಂಕಿನ ಮ್ಯಾನೇಜರು ಮತ್ತು ಗಿರಾಕಿ ಎಂದುಕೊಂಡಿರಬಹುದು. ಅದಕ್ಕೆ ಹೇಳಿದೆ.

ಅಧ್ಯಕ್ಷರು ಚುಟುಕಾಗಿ ಮಾತಾಡಿ ಎಂದಿದ್ದಾರೆ. ಅಧ್ಯಕ್ಷರಿಗೆ ನಾನು ಹಿಂದೊಮ್ಮೆ ಒಂದು ಅಂಗಿ ಬಿಟ್ಟುಕೊಟ್ಟಿದ್ದೇನೆ, ಆದ್ದರಿಂದ ಮಾತು ಸ್ವಲ್ಪ ಉದ್ದವಾದರೂ ಅವರು ಗಂಟೆ ಬಾರಿಸಲಾರರು. ಆ ಅಂಗಿಯ ವಿಷಯ ಎತ್ತಬಾರದೆಂದು ಮನೆಯಲ್ಲಿ ನಿರ್ಧರಿಸಿಕೊಂಡೇ ಬಂದಿದ್ದೆ. ನೋಡಿ, ಎತ್ತಿಯಾಯಿತು.

ಸನ್ಮಾನಿತರ ಆಟ ಎಲ್ಲಿ ಶುರುವಾಯಿತು? ಪತ್ರಿಕೆಯವರು ಶಾಲೆಯ ಮೈದಾನದಲ್ಲಿ ಎಂದು ಬರೆದರು. ಅಲ್ಲ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ. ಅಪ್ಪನ ಗಣಿಯ ಕಾಲುಚೀಲಕ್ಕೆ ಚಿಂದಿ ತುಂಬಿದರೆ ಅದೇ ಚೆಂಡು, ಅಮ್ಮ ಬಟ್ಟೆ ಒಣಹಾಕುವ ಹಗ್ಗವೇ ಗೋಲು. ಅವನು ಎಸೆದ ಚೆಂಡು ಅಮ್ಮನ ಭಾನುವಾರದ ಮೇಜುಬಟ್ಟೆಗೆ ತಗುಲಿದರೆ ಏಟು ನನಗೆ ಬೀಳುತ್ತಿತ್ತು, ಯಾಕೆಂದರೆ ಅವನು ಓಡುವುದರಲ್ಲಿ ಮುಂದು. ಕ್ಷಮಿಸಿ, ‘ಅವರು’ ಅನ್ನಬೇಕಿತ್ತು. ಅವರು ಓಡುವುದರಲ್ಲಿ ಮುಂದು.

ದೊಡ್ಡವರಾದ ಮೇಲೂ ಅದೇ ಜೋಡಿ. ಎರಡು ತಂಡದ ಗಟ್ಟಿಗರು ತಲೆಗೆ ತಲೆ ಕೊಟ್ಟು ತಳ್ಳಾಡುವ ಸ್ಕ್ರಮ್ಮಿನ ಕಾಲುಗಳ ನಡುವಿಂದ ಚೆಂಡು ಹೆಕ್ಕಿ ಹಿಂದಕ್ಕೆ ಎಸೆಯುವುದು ನನ್ನ ಕೆಲಸ. ಅದನ್ನು ಹಿಡಿದು ಆಟ ನಡೆಸುವುದು ಅವರ ಕೆಲಸ. ಚೆಂಡು ಹೆಕ್ಕುವವನ ತಲೆ ಬಗ್ಗಿರುತ್ತದೆ, ಮುಂದೆ ಏನಿದೆ ಎಂದು ಅವನಿಗೆ ಕಾಣುವುದಿಲ್ಲ. ಹಿಂದೆ ನಿಂತವನಿಗೆ ಕಾಣುತ್ತದೆ. ಎದುರಾಳಿಗಳ ನಡುವೆ ಸಂದು ಬಿಟ್ಟಿರುವುದು ಕಂಡರೆ ನಮ್ಮಣ್ಣ ಒಂದೇ ಮಾತು ಕೂಗುತ್ತಿದ್ದರು: ‘ನೀನು!’ ಅಂದರೆ, ನನಗೆ ಎಸೆಯಬೇಡ, ದಾರಿ ಇದೆ, ನೀನೇ ಹೋಗು. ನಾನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಚೆಂಡು ಅವುಚಿಕೊಂಡು ನುಗ್ಗುತ್ತಿದ್ದೆ. ದಾರಿ ಇರುತ್ತಿತ್ತು. ಒಂದು ಸಲವೂ ಆ ಧ್ವನಿ ನನ್ನನ್ನು ಗೋಡೆಗೆ ಕಳಿಸಲಿಲ್ಲ. ಅಷ್ಟು ನಂಬಿಕೆ ನನಗೆ ಆಮೇಲೆ ಯಾರ ಮೇಲೂ ಬರಲಿಲ್ಲ, ಪಾದ್ರಿಗಳು ಮನ್ನಿಸಬೇಕು.

ಆಮೇಲಿನದು ನಿಮಗೆ ಗೊತ್ತು. ವೇಲ್ಸ್ ತಂಡ ಕರೆಯಿತು. ಕಾರ್ಡಿಫಿನಲ್ಲಿ ಅವರು ಮೊದಲ ಸಲ ಆಡಿದ ದಿನ ನಮ್ಮ ಗಣಿಯಲ್ಲಿ ಪಾಳಿಗೆ ಇಳಿಯಲು ಜನವೇ ಇರಲಿಲ್ಲ. ಕೆಲವು ವರ್ಷ ಹಾಗೆ ನಡೆಯಿತು. ಮೊಣಕಾಲು ಕೆಟ್ಟಿತು, ತಂಡ ಕೈಬಿಟ್ಟಿತು. ಕುಂಟುತ್ತಾ ಊರಿಗೆ ಬಂದರು, ಕತ್ತಿಗೆ ಸೀಟಿ ಹಾಕಿಕೊಂಡರು. ಗಣಿ ಮುಚ್ಚಿದ ಮೇಲೆ ಈ ಊರಿನಲ್ಲಿ ಹೊತ್ತಿಗೆ ಸರಿಯಾಗಿ ಕೂಗಿದ ಸೀಟಿ ಅದೊಂದೇ.

ಈಗ ಗುರುವಾರದ ಮಾತು. ಕಿರಿಯರಿಗಾಗಿ ಹೇಳುತ್ತೇನೆ. ಶನಿವಾರದ ಆಟಕ್ಕೆ ಯಾರು ಯಾರು ಎಂಬ ಪಟ್ಟಿ ಶುಕ್ರವಾರ ಮಾಂಸದಂಗಡಿಯ ಕಿಟಕಿಯಲ್ಲಿ ಬೀಳುತ್ತಿತ್ತು. ಆದರೆ ತಂಡದಿಂದ ಕೈಬಿಟ್ಟ ಆಟಗಾರ ಅದನ್ನು ಕಿಟಕಿಯಲ್ಲಿ ನೋಡಿ ತಿಳಿಯಬಾರದು ಎಂಬುದು ಇವರ ನಿಯಮ. ಗುರುವಾರ ಸಂಜೆ ತಾವೇ ಅವನ ಮನೆಗೆ ಹೋಗುತ್ತಿದ್ದರು. ಬಾಗಿಲು ತಟ್ಟಿ, ಟೋಪಿ ತೆಗೆದು, ಮೆಟ್ಟಿಲ ಮೇಲೆಯೇ ನಿಲ್ಲುತ್ತಿದ್ದರು. ಒಳಗೆ ಬನ್ನಿ ಅಂದರೂ ಬರುವವರಲ್ಲ. ಮೈದಾನದಲ್ಲಿ ‘ಏನೋ, ಎದ್ದೇಳೋ ಸೋಮಾರಿ’ ಎಂದು ಬೈಯುವ ಅದೇ ಬಾಯಿ ಆ ಮೆಟ್ಟಿಲ ಮೇಲೆ ‘ನೀವು’ ಅನ್ನುತ್ತಿತ್ತು. ನಮ್ಮ ಕಣಿವೆಯಲ್ಲಿ ಹೆಂಡತಿ ಮಕ್ಕಳಿಗೆ ‘ನೀನು’, ಪಾದ್ರಿಗೆ ಡಾಕ್ಟರಿಗೆ ‘ನೀವು’, ದೇವರಿಗೆ ಮತ್ತೆ ‘ನೀನು’. ಇದ್ವಲ್ ಪ್ರೋಬರ್ಟ್ ಬಂದು ‘ನೀವು’ ಅಂದರೆ ಮಾತ್ರ ಕತೆ ಮುಗಿಯಿತು. ‘ಅವನಿಗೆ ನೀವು ಅಂದ್ರಂತೆ’ ಎಂದರೆ ಸಾಕು, ಪಕ್ಕದ ಮನೆಯವರು ಅವನ ತಾಯಿಗೆ ಕೇಕ್ ತಂದುಕೊಡುತ್ತಿದ್ದರು. ಊರು ಇವರಿಗೆ ಗುರುವಾರದ ಇದ್ವಲ್ ಎಂದೇ ಹೆಸರಿಟ್ಟಿತು. ಪಾಪ, ಜೀವವಿಮೆಯ ಏಜೆಂಟನಿಗೆ ಗುರುವಾರ ಈ ಊರಿನಲ್ಲಿ ಒಬ್ಬರೂ ಬಾಗಿಲು ತೆಗೆಯುತ್ತಿರಲಿಲ್ಲ.

ಕಪ್ ಫೈನಲ್ಲಿನ ವಾರ ಅವರು ನಮ್ಮ ಮನೆಯ ಬಾಗಿಲು ತಟ್ಟಿದರು. ತಾವು ಹುಟ್ಟಿದ ಮನೆಯ ಬಾಗಿಲು. ಅಂದಿನವರೆಗೆ ತಳ್ಳಿಕೊಂಡು ಒಳಗೆ ಬರುತ್ತಿದ್ದವರು ತಟ್ಟಿದರು. ನಾನು ಆಗ ತಂಡದ ನಾಯಕ. ಅಮ್ಮ ಬಾಗಿಲು ತೆಗೆದಳು, ಕೈಯೆಲ್ಲ ಹಿಟ್ಟು. ಇವರು ಅವಳ ಭುಜದ ಮೇಲಿಂದ ನನ್ನನ್ನು ನೋಡಿ ಹೇಳಿದರು: ‘ಶನಿವಾರ ನೀವು ಆಡೋದಿಲ್ಲ. ನಿಮ್ಮ ಜಾಗಕ್ಕೆ ಬ್ರಿನ್ಮೋರ್ ಬರ್ತಾನೆ. ಮೊದಲು ನಿಮಗೆ ಹೇಳ್ಬೇಕು ಅಂತ ಬಂದೆ.’

ಅಮ್ಮ ಕೇಳಿದಳು, ‘ಯಾರಿಗೋ ನೀವು ಅಂತಿರೋದು? ಒಂದೇ ಹೊದಿಕೆಲಿ ಮಲಗಿದೋರು ನೀವಿಬ್ರೂ.’

ಉತ್ತರ ನಾನು ಕೊಟ್ಟೆ. ‘ತಾವು ಹೇಳಿದ ಹಾಗೇ ಆಗ್ಲಿ ಸರ್’ ಅಂದೆ.

ನನ್ನ ಮಾತಿನಲ್ಲಿ ತಪ್ಪೇನಿತ್ತು? ಮರ್ಯಾದೆಗೆ ಮರ್ಯಾದೆ. ನಾನು ಮುನಿಸಿಕೊಳ್ಳುವ ಪೈಕಿಯಲ್ಲ. ಆ ಶನಿವಾರ ಬ್ರಿನ್ಮೋರ್ ಚೆನ್ನಾಗಿಯೇ ಆಡಿದರು, ಕಪ್ ಬಂತು. ತಂಡ ಸೋತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು, ಇರಲಿ. ಮುಂದಿನ ಮಂಗಳವಾರದ ಅಭ್ಯಾಸಕ್ಕೆ ನಾನು ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಮುನಿಸಿನಿಂದಲ್ಲ, ಪಾರಿವಾಳ ಸಾಕಿದ್ದೆ, ಸಮಯವಿರಲಿಲ್ಲ. ನಗಬೇಡಿ. ಪಾರಿವಾಳಕ್ಕೆ ತುಂಬ ಸಮಯ ಬೇಕು.

ಹೀಗೆ ಒಂದೇ ಬೀದಿಯಲ್ಲಿ, ಒಂದೇ ಚಾಪೆಲ್ಲಿನಲ್ಲಿ, ಒಬ್ಬರಿಗೊಬ್ಬರು ‘ನೀವು’ ಅನ್ನುತ್ತಲೇ ತಲೆ ನರೆಯಿತು. ಅಮ್ಮನನ್ನು ಕೊನೆಗೆ ಹೊತ್ತ ದಿನ ಪೆಟ್ಟಿಗೆಯ ಪಕ್ಕ ನಿಂತು ಅವರು ಮೆಲ್ಲಗೆ ಹೇಳಿದರು, ‘ನೀವು ಮುಂದುಗಡೆ ಹಿಡೀರಿ.’ ನಾನು ಮುಂದೆ ಹಿಡಿದೆ. ಅಮ್ಮ ಎದ್ದು ಬೈಯಬೇಕಿತ್ತು. ಬೈಯಲಿಲ್ಲ.

ಮಂಗಳವಾರಗಳ ಬಗ್ಗೆ ಈ ಸಭೆಯಲ್ಲಿರುವ ಎಲ್ಲ ಆಟಗಾರರಿಗೂ ಗೊತ್ತಿದ್ದ ಒಂದು ಸಂಗತಿ ನನಗೆ ಮಾತ್ರ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು, ಕಣ್ಣಿಗೆ ಬಿದ್ದರೂ ಅದರ ಅರ್ಥ ಪಟ್ಟಿಯಿಂದ ಬಿದ್ದವರಿಗಷ್ಟೇ ತಿಳಿಯುತ್ತಿತ್ತು, ನನ್ನನ್ನು ಅವರು ಕೈಬಿಟ್ಟದ್ದು ಒಂದೇ ಸಲ. ಹೋದ ವಾರ ಅತ್ತಿಗೆ ಬಂದು ಕೂತರು. ‘ಐರೊವ್, ಕೈಬಿಟ್ಟ ಹುಡುಗ ಮಂಗಳವಾರ ಮೈದಾನಕ್ಕೆ ಬಂದ್ರೆ ಮೊದಲ ಚೆಂಡು ಅವನಿಗೇ ಎಸೀತಿದ್ರು. ತಗೋ, ನೀನು, ಅಂತಿದ್ರು. ಅಲ್ಲಿಗೆ ಗುರುವಾರದ ನೀವು ಮುಗೀತು’ ಎಂದರು. ಆಮೇಲೆ ಬ್ರೆಡ್ ಅಂಗಡಿಯ ಕತೆ ಹೇಳಿದರು. ವೇಲ್ಸ್ ತಂಡ ನಮ್ಮಣ್ಣನನ್ನು ಬಿಟ್ಟಾಗ ಯಾರೂ ಬಂದು ಹೇಳಲಿಲ್ಲವಂತೆ. ಅಂಗಡಿಯ ಸಾಲಿನಲ್ಲಿ ನಿಂತು ರೇಡಿಯೋದಲ್ಲಿ ಕೇಳಿದರಂತೆ. ಹಿಂದಿನ ವಾರದವರೆಗೆ ‘ನೀವು’ ಅನ್ನುತ್ತಿದ್ದ ಅಂಗಡಿಯವನು ಬ್ರೆಡ್ ಸುತ್ತಿ ಕೊಡುತ್ತಾ, ‘ಹೋಗ್ಲಿ ಬಿಡೋ ಇದ್ವಲ್, ನಿನ್ನ ಕಾಲ ಮುಗೀತು’ ಅಂದನಂತೆ. ಮನೆಗೆ ಬಂದು ಅತ್ತಿಗೆಗೆ ಹೇಳಿದರಂತೆ: ‘ಆಟ ಹೋದ ದಿನ ಮನುಷ್ಯನಿಗೆ ಮರ್ಯಾದೆನಾದ್ರೂ ಉಳೀಬೇಕು ಲೂನೆದ್.’

ನಾನು ಬರದ ಮಂಗಳವಾರ ಎಲ್ಲರೂ ಮನೆಗೆ ಹೋದ ಮೇಲೂ ಅವರು ಚೆಂಡು ಹಿಡಿದುಕೊಂಡು ಮೈದಾನದಲ್ಲೇ ನಿಂತಿದ್ದರಂತೆ. ಗೇಟಿನ ಕಡೆ ನೋಡುತ್ತಾ. ಅದರ ಮುಂದಿನ ಮಂಗಳವಾರವೂ.

ಸಭಿಕರೇ, ಸನ್ಮಾನಿತರು ತರಬೇತಿ ಬಿಡುತ್ತಿರುವುದು ಯಾಕೆಂದು ಎಲ್ಲರಿಗೂ ಗೊತ್ತು, ಯಾರೂ ಈ ಸಂಜೆ ಬಾಯಿ ಬಿಟ್ಟು ಹೇಳಲಿಲ್ಲ. ಸೋಮವಾರ ಅವರ ಗಂಟಲಿಗೆ ಶಸ್ತ್ರಕ್ರಿಯೆ. ಧ್ವನಿ ಉಳಿಯುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ಬೆಟ್ಟದ ಆಚೆಗೂ ಕೇಳುತ್ತಿದ್ದ ಧ್ವನಿ. ನಾನು ತಲೆ ಎತ್ತದೆ ನಂಬಿದ್ದ ಧ್ವನಿ. ಅದು ಸೋಮವಾರ ಹೋಗಬಹುದು, ಅದು ನನಗೆ ಕೊನೆಗೆ ಹೇಳಿದ ಮಾತು ಇವತ್ತು ಬಾಗಿಲಲ್ಲಿ ಹೇಳಿದ ‘ನೀವು ಚೆನ್ನಾಗಿದ್ದೀರಾ’. ಇದನ್ನು ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸಿದೆ. ಈ ಸಮಾರಂಭ ಏರ್ಪಡಿಸಿದ ಕ್ಲಬ್ಬಿನವರಿಗೆ, ಮೇಲಿನ ಅಡುಗೆಮನೆಯಲ್ಲಿ ಸಾರು ಕಾಯಿಸುತ್ತಿರುವ ಹೆಂಗಸರಿಗೆ, ನನ್ನ ಅಂಗಿಯನ್ನು ಇಷ್ಟು ವರ್ಷ ಚೆನ್ನಾಗಿ ನೋಡಿಕೊಂಡ ಬ್ರಿನ್ಮೋರರಿಗೆ, ಬಂದು ನಮ್ಮ ಮನೆಯ ಬಾಗಿಲು ತಟ್ಟಿದ ಅತ್ತಿಗೆಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ ವಂದನೆಗಳು.

ಕಾರ್ಯಕ್ರಮದ ಪ್ರಕಾರ ಈಗ ಸನ್ಮಾನಿತರು ಉತ್ತರ ಹೇಳಬೇಕು. ಅವರು ತಲೆಯಾಡಿಸಿ ಬೇಡ ಅನ್ನುತ್ತಿದ್ದಾರೆ. ಗಂಟಲು ನೋಯುತ್ತದೆ, ಬಲ್ಲೆ. ಭಾಷಣ ಬೇಡ ಅಣ್ಣ. ಒಂದೇ ಮಾತು ಸಾಕು. ನಾನು ಇಗೋ ಇಲ್ಲಿ, ತಲೆ ಬಗ್ಗಿಸಿಕೊಂಡು ನಿಂತಿರುತ್ತೇನೆ. ಮಂಗಳವಾರಕ್ಕೆ ಬಂದಿದ್ದೇನೆ ಅಂದುಕೋ.

ಎಲ್ಲರಿಗೂ ನಮಸ್ಕಾರ. ತಗೋ ಮೈಕು. ಈಗ ನೀನು.