ಹಿಡ್ಕೋ ಅಂದಿದ್ದಕ್ಕೆ

ನಂಬೋರು ಕೂತ್ಕೊಳ್ಳಿ, ನಗೋರು ಎದ್ದು ಹೋಗಿ. ತೈವಾನಲ್ಲಿ, ಈ ಶೂಲಿನ್ ಊರಲ್ಲಿ, ಕಂಪ್ಯೂಟರ್ ವೈರಿನ ತುದೀಲಿರೋ ಮೂತಿಗೆ ನಲವತ್ತು ವರ್ಷ ಅಚ್ಚು ಕೊರೆದೋನು ನಾನು. ಮೂರನೇ ಕ್ಲಾಸು ದಾಟಿಲ್ಲ. ಆದ್ರೂ ಎಂಜಿನಿಯರುಗಳೇ ಬಂದು ನನ್ನ ಕೇಳೋರು, "ಮಾವಾ, ಈ ಕೊಕ್ಕೆ ನಿಲ್ಲುತ್ತಾ?" ಅಂತ.

ಇದು ನನ್ನ ಚಿಕ್ಕಪ್ಪನ ಮಗ ಕಿಮ್‌ಹೋಕ್‌ಗೆ ಆಗಿದ್ದು. ನಮ್ಮ ಶೆಡ್ಡಲ್ಲೇ ಕೆಲಸ, ಪಕ್ಕದ ಮನೆ. ಅವನಮ್ಮ ಉಸಿರಾಡ್ತಿದ್ದಿದ್ದು ಮಿಷಿನ್ನಲ್ಲಿ. ಚಿಕ್ಕಮ್ಮ ಮಗ್ಗುಲಾದ್ರೆ ಸಾಕು, ಕರೆಂಟಿನ ವೈರು ಮಿಷಿನ್ನಿಂದ ಕಳಚಿ ಬೀಳೋದು. ಎರಡು ಸಲ ಮುಖ ನೀಲಿಯಾಗಿತ್ತು. ಅದಕ್ಕೇ ಇವನು ಹೊಸ ಮೂತಿ, ಅದು ಹೋಗಿ ಕೂರೋ ಹೊಸ ತೂತಿನ ತುಂಡು, ಎರಡೂ ಮಾಡ್ದ. ಮೂತಿ ಪಕ್ಕದಲ್ಲಿ ಪುಟ್ಟ ಕೊಕ್ಕೆ. ಸಿಕ್ಕಿಸಿದ್ರೆ 'ಟಿಕ್'. ಗುಂಡಿ ಒತ್ತಿದ್ರೆ ಮಾತ್ರ ಬಿಡೋದು. ಕೊಕ್ಕೆಯ ಓರೆ ಹೇಳ್ಕೊಟ್ಟೋನು ನಾನೇ, ಮತ್ತ್ಯಾರು?

ಆವತ್ತು ಶೆಡ್ಡಿಂದ ಹೊರಟಾಗ ರಾತ್ರಿ ಹನ್ನೊಂದು ಗಂಟೆ. ಏಳನೇ ತಿಂಗಳು... ಸತ್ತೋರಿಗೆ ಬಾಗಿಲು ತೆಗೆದಿರೋ ತಿಂಗಳು. ಆಲದ ಮರದ ಕೆಳಗೆ ಬಂದ್ವಿ. ಇವನು ಜೇಬಿಂದ ಮೂತಿ, ತೂತಿನ ತುಂಡು ಎರಡೂ ತೆಗೆದ.

ನಮ್ಮ ಶೆಡ್ಡಲ್ಲಿ ಒಂದು ಅಭ್ಯಾಸ. ಹೊಸ ಮೂತಿ ಸಿಕ್ಕಿಸಿ, ಮೂರು ಸಲ ಜಗ್ಗಿ, ಅದಕ್ಕೆ ಒಂದು ಮಾತು ಹೇಳ್ತೀವಿ.

"ಲೋ, ಇಲ್ಲಿ ಹೇಳ್ಬೇಡ ಕಣೋ, ಮರದಲ್ಲಿರೋರು ಕೇಳಿಸ್ಕೊಂಡಾರು," ಪಿಸುಗುಟ್ಟಿದೆ.

"ಮೀಸೆ ಬೆಳ್ಳಗಾದ್ರೂ ಪುಕ್ಕಲು ಹೋಗ್ಲಿಲ್ಲ ನಿಂಗೆ, ಅಣ್ಣ."

ಟಿಕ್. ಮೂರು ಸಲ ಜಗ್ಗಿದ. "ಹಿಡ್ಕೋ, ಬಿಡಬೇಡ."

ಮೇಲೆ, ಬಿಳಲುಗಳ ಒಳಗೆ... ಟಿಕ್.

"ಕೇಳಿಸ್ತಾ?"

"ಹಲ್ಲಿ ಅಣ್ಣ. ನಡಿ."

ಮನೆಗೆ ಹೋಗಿ ಎರಡನ್ನೂ ಅವರಮ್ಮನ ಮಿಷಿನ್ನಿಗೆ ಕೂರಿಸ್ದ. ಎರಡು ದಿನ ವೈರು ಅಲ್ಲಾಡ್ಲಿಲ್ಲ. ಮೂರನೇ ರಾತ್ರಿ ಬಿರುಗಾಳಿ. ಕರೆಂಟ್ ಹೋಯ್ತು. ಗೋಡೆ ಆಚೆಯಿಂದ ಕಿಮ್‌ಹೋಕ್ ಕೂಗ್ದ. ಓಡ್ದೆ. ಮಿಷಿನ್ನು ಪೀಂ... ಪೀಂ... ಅಂತಿತ್ತು. ಬ್ಯಾಟರಿ ವೈರನ್ನ ಅದೇ ತೂತಿಗೆ ಹಾಕ್ಬೇಕು. ಅದಕ್ಕೆ ಮೊದಲು ಈ ಮೂತಿ ಹೊರಗೆ ಬರ್ಬೇಕು.

ಗುಂಡಿ ಒತ್ತಿದ. ಬರ್ಲಿಲ್ಲ. ಇಕ್ಕಳ ಹಾಕ್ದ. ಬರ್ಲಿಲ್ಲ.

"ಅಣ್ಣಾ... ಒಳಗಿಂದ ಜಗ್ತಿದೆ."

"ಸರಿಯೋ ಆ ಕಡೆ!" ಅಂದು ನಾನು ಹಿಡಿದೆ. ಉಕ್ಕು ಬಗ್ಗಿಸಿದ ಕೈ ಇದು. ನಾನು ಎಷ್ಟು ಎಳೆದ್ನೋ, ಅದೂ ಅಷ್ಟೇ... ಮೆತ್ತಗೆ, ಹಸುಗೂಸು ಬೆರಳು ಹಿಡಿದ ಹಂಗೆ.

ಚಿಕ್ಕಮ್ಮನ ಕಣ್ಣು ನಮ್ಮ ಮೇಲೇ ಇತ್ತು. ಕಿಮ್‌ಹೋಕ್ ಮಿಷಿನ್ ಮುಂದೆ ಮಂಡಿಯೂರಿದ. "ಬಿಡು... ಯಾರಾದ್ರೂ ಆಗಿರು, ಬಿಡು. ನಮ್ಮಮ್ಮ ಅದು. ನಾನು ತಮಾಷೆಗೆ ಅಂದೆ..."

ಪೀಂ ನಿಂತಿತು. ಚಿಕ್ಕಮ್ಮನ ಗಂಟಲಲ್ಲಿ ಒಂದು ಸಲ ಗೊರ್ ಅಂತು. ಆಮೇಲೆ ಮಳೆ ಸದ್ದು ಬಿಟ್ರೆ ಏನಿಲ್ಲ.

ಆಮೇಲೆ... ಟಿಕ್.

ಮೂತಿ ತಾನಾಗೇ ಕಳಚಿ ಅವನ ಅಂಗೈಗೆ ಬಿತ್ತು.

ಬೆಳಕು ಹರಿದ ಮೇಲೆ ನೋಡಿದ್ವಿ. ಕೊಕ್ಕೆ ಸಂದೀಲಿ ಒಂದು ಉಗುರು ಸಿಕ್ಕೊಂಡಿತ್ತು. ಇಡೀ ಉಗುರು, ಬುಡ ಸಮೇತ. ಕಿಮ್‌ಹೋಕ್ ಕೈ ಚಾಚಿದ, ಹತ್ತೂ ಇದ್ವು. ನಂದು ನೋಡ್ಕೊಂಡೆ, ಹತ್ತೂ ಇದ್ವು. ಹೊದಿಕೆ ಸರಿಸಿ ಚಿಕ್ಕಮ್ಮನ ಕೈನೂ ನೋಡ್ದೆ, ಕೊನೇಗೆ.

ಹತ್ತೂ ಇದ್ವು. ಎಣಿಸ್ದೋನು ನಾನೇ.