ಅಕ್ರಿಲಿಕ್ ಫಿಶ್ ಟ್ಯಾಂಕ್ ಮಬ್ಬಾದ ಬಗ್ಗೆ ಗಂಗಲಕ್ಷ್ಮಿ ಬರೆಸಿದ ಹೇಳಿಕೆ

ಹೆಸರು ಗಂಗಲಕ್ಷ್ಮಿ, ಗಂಡನ ಹೆಸರು ಸೂರ್ಯಪ್ರಕಾಶ್, ವಯಸ್ಸು 54 ವರ್ಷ, ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರ ಕೆಲಸ, ವಾಸ ಹಾಸನ ರಸ್ತೆ ಪಕ್ಕದ ಬಡಾವಣೆ, ತಿಪಟೂರು ಟೌನ್.

ದಿನಾಂಕ 04-03-2025ರಂದು ಮಧ್ಯಾಹ್ನ 12-10 ಗಂಟೆಗೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಏನೆಂದರೆ,

ನನ್ನ ಯಜಮಾನರು ಇಲ್ಲಿನ ಕಾಲೇಜೊಂದರಲ್ಲಿ ಪ್ರಯೋಗಾಲಯದ ಸಹಾಯಕರಾಗಿದ್ದು ಕಳೆದ ವರ್ಷ ನಿವೃತ್ತರಾದರು. ಮನೆಯ ಹಾಲ್‌ನಲ್ಲಿ ದೊಡ್ಡ ಫಿಶ್ ಟ್ಯಾಂಕ್ ಇಡಬೇಕೆಂಬುದು ಅವರ ಬಹಳ ವರ್ಷದ ಆಸೆ. ಆ ಟ್ಯಾಂಕ್ ಮಾಡಿಕೊಟ್ಟವರು ಜುಂಜೇಶ್, ವಯಸ್ಸು ಸುಮಾರು 34, ಹುಳಿಯಾರು ಕಡೆಯ ಹಟ್ಟಿಯವರು, ಬಸ್ ಸ್ಟ್ಯಾಂಡ್ ಹಿಂಭಾಗ ಅಂಗಡಿ ಇಟ್ಟಿದ್ದಾರೆ. ಹಳೆಯ ಅಕ್ರಿಲಿಕ್ (ಗಾಜಿನಂತಹ ಪ್ಲಾಸ್ಟಿಕ್) ಶೀಟಿನಲ್ಲಿ ಟ್ಯಾಂಕ್ ಮಾಡಿ ಹೊಸದೆಂದು ಕೊಟ್ಟು ಮೋಸ ಮಾಡಿದ್ದಾರೆಂದು ಯಜಮಾನರು ನಿನ್ನೆ ಅವರ ಮೇಲೆ ದೂರು ಕೊಟ್ಟಿದ್ದಾರೆ. ಆ ದೂರು ತಪ್ಪು. ಹೇಗೆ ತಪ್ಪು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಮುಗಿಯುವ ತನಕ ನಡುವೆ ಯಾರೂ ಬಾಯಿ ಹಾಕಬಾರದೆಂದು ಕೇಳಿಕೊಂಡಿದ್ದೇನೆ.

05-01-2025ರ ಭಾನುವಾರ ಬೆಳಗ್ಗೆ 10-30ಕ್ಕೆ ನಾವಿಬ್ಬರೂ ಜುಂಜೇಶ್ ಅಂಗಡಿಗೆ ಹೋದೆವು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಎಂದು ಅಳತೆ ಕೊಟ್ಟೆವು. ಗಾಜಿನದಾದರೆ ಖಾಲಿ ಟ್ಯಾಂಕೇ ಸುಮಾರು 120 ಕೆ.ಜಿ. ಬರುತ್ತದೆ, ಅಕ್ರಿಲಿಕ್ ಆದರೆ ಅದರ ಅರ್ಧ ಎಂದು ಜುಂಜೇಶ್ ತಿಳಿಸಿದರು. ಯಜಮಾನರು ಆಗಲೇ ಅಕ್ರಿಲಿಕ್ ಎಂದು ತೀರ್ಮಾನಿಸಿದ್ದರು. ಬಹಳ ಹಿಂದೆ ಕಾಲೇಜಿನಲ್ಲಿ ಒಂದು ಗಾಜಿನ ಟ್ಯಾಂಕ್ ಅವರ ಕಣ್ಣೆದುರೇ ಬಿರಿದು ಮೀನೆಲ್ಲ ನೆಲಕ್ಕೆ ಬಿದ್ದಿದ್ದವು. ಅವರು ಅದನ್ನು ಇವತ್ತಿಗೂ ಊಟಕ್ಕೆ ಕೂತಾಗ ಹೇಳುತ್ತಾರೆ. ನಾನು ಗಾಜೇ ಇರಲಿ ಎಂದೆ. “ಎಷ್ಟಾದ್ರೂ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕೇ ಕಣ್ರೀ, ನೆಂಟರ ಮುಂದೆ ಡಬ್ಬ ಇಟ್ಟಂಗಿರ್ತದೆ” ಎಂದೆ. ಅಂಗಡಿಯಲ್ಲೇ ಅರ್ಧ ಗಂಟೆ ಮಾತು ಬೆಳೆಯಿತು. ಕೊನೆಗೆ ಜುಂಜೇಶ್ ಎರಡರದ್ದೂ ಒಂದೊಂದು ಗೇಣಿನ ತುಂಡು ಕೊಟ್ಟು, “ಅಮ್ಮಾರೇ, ಮನೇಗ್ ತಗಂಡೋಗಿ ಏನ್ ಬೇಕಾದ್ರೂ ಮಾಡಿ ನೋಡಿ, ಆಮ್ಯಾಕೆ ಹೇಳಿ” ಎಂದರು.

ನನಗೆ ಯಾವುದನ್ನೂ ಮುಟ್ಟಿ ನೋಡದೆ ಒಪ್ಪಿಕೊಳ್ಳುವ ಸ್ವಭಾವವಿಲ್ಲ. ಆ ಎರಡು ತುಂಡುಗಳನ್ನು ಒಂಬತ್ತು ದಿನ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟುಕೊಂಡು ಪರೀಕ್ಷೆ ಮಾಡಿದೆ. ಬೆರಳ ಗೆಣ್ಣಿನಿಂದ ಬಡಿದಾಗ ಗಾಜು ಟಣ್ ಎಂದಿತು, ಅಕ್ರಿಲಿಕ್ ಬರೀ ದಬ್ ಎಂದಿತು. ಬೆಳಗಿನ ಜಾವ ಕೆನ್ನೆಗೆ ಒತ್ತಿಕೊಂಡರೆ ಗಾಜು ತಣ್ಣಗೆ ಕೊರೆಯುತ್ತಿತ್ತು, ಅಕ್ರಿಲಿಕ್‌ನಲ್ಲಿ ಆ ತಂಪಿರಲಿಲ್ಲ. ಗಾಜನ್ನು ಅಂಚಿನಿಂದ ನೋಡಿದರೆ ಎಳನೀರು ಕಾಯಿಯ ಹಸಿರು, ಅಕ್ರಿಲಿಕ್‌ಗೆ ಯಾವ ಬಣ್ಣವೂ ಇಲ್ಲ. ಎರಡರ ಮೇಲೂ ಅರಿಶಿನದ ನೀರು ಹಾಕಿಟ್ಟೆ, ಕಲೆ ಹಿಡಿಯಲಿಲ್ಲ. 14-01-2025ರಂದು ಸಂಕ್ರಾಂತಿಯ ಕೆಲಸ ಮುಗಿಸಿ, ಎರಡನ್ನೂ ಅಂಗಳದ ಕಲ್ಲಿನ ಮೇಲಿಟ್ಟು, 11 ಅಡಿ ಎತ್ತರದ ತಾರಸಿಯಿಂದ ಸುಲಿದ ತೆಂಗಿನಕಾಯಿಯನ್ನು ಒಂದೊಂದರ ಮೇಲೂ ಬಿಟ್ಟೆ. ಗಾಜು ಮೂರು ತುಂಡಾಯಿತು. ಅಕ್ರಿಲಿಕ್ ಎಗರಿ ದಾಸವಾಳದ ಬುಡಕ್ಕೆ ಬಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಯಜಮಾನರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ನನಗೆ ಬಹಳ ಸಿಟ್ಟು ಬಂತು, ಆದರೂ ಅಕ್ರಿಲಿಕ್‌ಗೆ ಒಪ್ಪಿದೆ.

25-01-2025ರ ಶನಿವಾರ ಸಂಜೆ 4 ಗಂಟೆಗೆ ಜುಂಜೇಶ್ ಟ್ಯಾಂಕ್ ತಂದು ಕೂರಿಸಿದರು. ನಾನೇ ಮಾಡಿದ ರಾಗಿ ರೊಟ್ಟಿಯನ್ನು ಅಡುಗೆಮನೆಯಲ್ಲೇ ಕೂತು ತಿಂದರು. ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಲೇಬಾರದು ಎಂದು ನನಗೇ ಎರಡು ಸಲ ಹೇಳಿದರು. ಆ ಸಂಜೆ ಲೈಟ್ ಹಾಕಿ ಏಳು ಮೀನು ಬಿಟ್ಟಾಗ ನಡುವೆ ಏನೂ ಇಲ್ಲದಂತೆ ಕಾಣುತ್ತಿತ್ತು. ಚೆನ್ನಾಗಿದೆ ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ.

22-02-2025ರ ಶನಿವಾರ ಯಜಮಾನರು ತುರುವೇಕೆರೆಗೆ ಹೋಗಿದ್ದರು. ಟ್ಯಾಂಕಿನ ಒಳಬದಿಯಲ್ಲಿ ಪಾಚಿ ಕಟ್ಟಿತ್ತು. ಮಧ್ಯಾಹ್ನ 2-30ಕ್ಕೆ ಅರ್ಧ ನೀರು ತೆಗೆದು ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಆಗ ತೆಂಗಿನ ನಾರು ತೆಗೆದುಕೊಂಡು ಮುಂದಿನ ಬದಿಯನ್ನು ಒಂದು ಗಂಟೆ ತಿಕ್ಕಿದೆ. ಇನ್ನೂರು ಮಕ್ಕಳ ಅನ್ನದ ಪಾತ್ರೆಯನ್ನು ನಾನು ಹದಿನೇಳು ವರ್ಷದಿಂದ ನಾರಿನಲ್ಲೇ ಬೆಳಗುತ್ತಿದ್ದೇನೆ. ಮೀನಿಗೆ ಆಗದೆಂದು ಬೂದಿ ಹಾಕಲಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೆ ನಾರು ಗೀರುತ್ತದೆಂದು ನನಗೆ ಹೊಳೆಯಲಿಲ್ಲ. ನಮ್ಮ ಕಡೆ ನಾರೆಂದರೆ ಕೈ ಇದ್ದಂತೆ, ಅದನ್ನು ಯಾರೂ ಒಂದು ಸಾಮಾನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತೆಂಗಿನಕಾಯಿಯನ್ನೇ ಎತ್ತಿ ಹಾಕಿ ನೋಡಿದ ನಾನು ನಾರಿನಲ್ಲಿ ತಿಕ್ಕಿ ನೋಡಿರಲಿಲ್ಲ.

ಅದೇ ಸಂಜೆ 7 ಗಂಟೆಗೆ ಯಜಮಾನರು ಬಂದು ಲೈಟ್ ಹಾಕಿದಾಗ ಮುಂದಿನ ಬದಿ ಪೂರ್ತಿ ಮಬ್ಬಾಗಿತ್ತು. ಮೀನುಗಳು ಮಂಜಿನೊಳಗೆ ಇದ್ದ ಹಾಗೆ ಕಾಣುತ್ತಿದ್ದವು. ಯಜಮಾನರು ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ನಿಜ ಹೇಳಬೇಕೆಂದರೆ ಖುಷಿಪಟ್ಟೆ. “ನಾನ್ ಬಡ್ಕೊಂಡೆ, ಗಾಜೇ ಇರ್ಲಿ ಅಂತ” ಎಂದೆ. ಶೀಟೇ ಕಳಪೆ ಎಂದು ಆಗ ನಾನೂ ನಂಬಿದ್ದೆ.

ಮರುದಿನ ಭಾನುವಾರ ಬೆಳಗ್ಗೆ 11 ಗಂಟೆಗೆ ಜುಂಜೇಶ್ ಬಂದು ನೋಡಿದರು. ಮೊಬೈಲ್ ಟಾರ್ಚ್ ಅಡ್ಡ ಹಿಡಿದಾಗ ಕೈ ಆಡಿಸಿದ ಗುಂಡು ಗುಂಡು ಗೆರೆಗಳು ಕಂಡವು. ಕೈ ತೊಳೆಯಲು 11-20ಕ್ಕೆ ಹಿತ್ತಲಿಗೆ ಬಂದರು. ನಾನು ಟವೆಲ್ ಹಿಡಿದು ನಿಂತಿದ್ದೆ. ನಲ್ಲಿಯ ಪಕ್ಕ ಪಾಚಿ ಹತ್ತಿದ ನಾರಿನ ಉಂಡೆ ಬಿದ್ದಿತ್ತು. ಜುಂಜೇಶ್ ಅದನ್ನು ನೋಡಿದರು, ನನ್ನನ್ನು ನೋಡಿದರು. ನಾರನ್ನು ಎತ್ತಿ ಬಕೆಟ್ಟಿನ ಹಿಂದೆ, ಕಾಣದ ಹಾಗೆ ಇಟ್ಟರು. ಹಾಲ್‌ಗೆ ಹೋಗಿ ಯಜಮಾನರಿಗೆ, “ಬೇರೇದು ಹಾಕ್ಕೊಡ್ತೀನಿ ಬುಡಿ ಸಾರ್” ಎಂದು ಹೇಳಿ ಹೊರಟರು.

ತಪ್ಪಿಲ್ಲದವನು ಬೇರೆಯದು ಯಾಕೆ ಕೊಡುತ್ತಾನೆ ಎಂದು ಯಜಮಾನರಿಗೆ ಆಗ ಅನುಮಾನ ಬಂತು. ದಿನಕ್ಕೊಂದು ಸಲ ಅದೇ ಮಾತಾಡಿ ನಿನ್ನೆ ಬಂದು ದೂರು ಕೊಟ್ಟರು. ನಾನು ತಡೆಯಲಿಲ್ಲ.

ಇಂದು ಬೆಳಗ್ಗೆ 10-45ಕ್ಕೆ ಶಾಲೆಯಲ್ಲಿ ನನ್ನ ಜೊತೆ ಅಡುಗೆ ಮಾಡುವ ವನಿತಾ ಬಂದು, ಜುಂಜೇಶ್ ಅವರನ್ನು ಠಾಣೆಯಲ್ಲಿ ಕೂರಿಸಿದ್ದಾರೆ, ಅಂಗಡಿ ಸಾಲಿನವರೆಲ್ಲ ಇನ್ನು ಅವರ ಹತ್ತಿರ ಏನೂ ಮಾಡಿಸಬಾರದೆಂದು ಆಡಿಕೊಳ್ಳುತ್ತಿದ್ದಾರೆ ಎಂದು ತಿಳಿಸಿದಳು. ಸಾಂಬಾರನ್ನು ಅವಳಿಗೆ ಒಪ್ಪಿಸಿ ಮನೆಗೆ ಹೋದೆ. ದಾಸವಾಳದ ಬುಡದಿಂದ ತಂದಿಟ್ಟಿದ್ದ ಆ ಅಕ್ರಿಲಿಕ್ ತುಂಡಿನ ಅರ್ಧವನ್ನು ಗಡಿಯಾರ ನೋಡಿಕೊಂಡು ಎರಡು ನಿಮಿಷ ನಾರಿನಲ್ಲಿ ತಿಕ್ಕಿದೆ. ತಿಕ್ಕಿದ ಅರ್ಧ ಮಬ್ಬಾಯಿತು, ತಿಕ್ಕದ ಅರ್ಧ ಹಾಗೇ ಇದೆ. ಆ ತುಂಡು ಮತ್ತು ನಾರನ್ನು ಠಾಣೆಗೆ ಒಪ್ಪಿಸಿದ್ದೇನೆ.

ಹೇಳಿಕೆ ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ಮಂಗಳಾ ಅವರು, “ಇವತ್ತು ತಿಕ್ಕಿ ನೋಡಿದ್ ಮೇಲೇ ಗೊತ್ತಾಯ್ತು ಅಂತ ಬರ್ಕೊಳ್ಲಾ ಅಮ್ಮ, ನಿಮಗೂ ಒಳ್ಳೇದು” ಎಂದು ಕೇಳಿದರು. ಬೇಡ ಎಂದೆ. ನನಗೆ 23-02-2025ರ ಬೆಳಗ್ಗೆ 11-20ಕ್ಕೇ ಗೊತ್ತಿತ್ತು. ವಾದದಲ್ಲಿ ಗೆದ್ದಿದ್ದೆ, ಅದನ್ನು ಬಿಟ್ಟುಕೊಡಲು ಮನಸ್ಸಾಗದೆ ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನಗೆ ನಾಚಿಕೆಯಾಗಿದೆ. ಬೆಳಗ್ಗೆಯಿಂದ ಇಲ್ಲಿ ಕೇಳಿದಾಗಲೂ ಜುಂಜೇಶ್ ನಾರಿನ ವಿಷಯ ಹೇಳಲಿಲ್ಲವೆಂದು ಮಂಗಳಾ ಅವರಿಂದಲೇ ತಿಳಿಯಿತು. ಯಜಮಾನರು ಹೊರಗಡೆ ಬೆಂಚಿನ ಮೇಲೆ ಕೂತಿದ್ದಾರೆ. ಇದನ್ನು ಅವರಿಗೆ ಜುಂಜೇಶ್ ಎದುರಿಗೇ ಓದಿ ಹೇಳಬೇಕು. ನಾನೂ ಅಲ್ಲೇ ನಿಂತಿರುತ್ತೇನೆ.

ಮೇಲೆ ಬರೆಸಿರುವುದನ್ನು ನನಗೆ ಎರಡು ಸಲ ಓದಿ ಹೇಳಿದರು. ಒಂದಕ್ಷರವನ್ನೂ ತೆಗೆಯುವುದು ಬೇಡವೆಂದು ಹೇಳಿ ಸಹಿ ಮಾಡಿದ್ದೇನೆ.

ಸ್ಥಳ: ತಿಪಟೂರು
ದಿನಾಂಕ: 04-03-2025
ಸಹಿ: ಗಂಗಲಕ್ಷ್ಮಿ